ಇಲ್ಲ, ನಾನು ಬಾಡು ಬಿಟ್ಟಿಲ್ಲ



ಹೋದ ಭಾನುವಾರ ತಾಲ್ಲೂಕು ಸಭೆ ಮುಗಿದ ಮೇಲೆ ಎಂದಿನಂತೆ ಬಿರಿಯಾನಿ ಬಂತು. ನಾನು ಬ್ಯಾಗಿಂದ ಡಬ್ಬಿ ತೆಗೆದು, ಮೂಲೇಲಿ ಕೂತು, ಹುರುಳಿಕಾಳು ಸೊಪ್ಪು ತಿಂದೆ. ಅಷ್ಟೇ ನೋಡಿ. ಮನೆ ಸೇರೋದ್ರೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ. "ಅಣ್ಣ ಬಾಡು ಬಿಟ್ರಂತೆ." "ಯಾವ ಮಠದಲ್ಲಿ ದೀಕ್ಷೆ ಆಯ್ತಣ್ಣ?" ಒಬ್ಬ ತಮ್ಮ ನನ್ನ ಫೋಟೋಗೆ ಕಾವಿ ಶಾಲು ಹೊದಿಸಿ ಹಾಕಿದ್ದ. ಡಬ್ಬಿಯ ತಳದಲ್ಲಿದ್ದ ಎರಡು ಮೊಟ್ಟೆ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನೂ ನಕ್ಕು ಸುಮ್ಮನಾಗಿದ್ದೆ. ಆದರೆ ಮಾರನೇ ದಿನ ಹಿರಿಯರೊಬ್ಬರು ಫೋನ್ ಮಾಡಿ, "ಏನಪ್ಪಾ, ಆಹಾರ ನಮ್ಮ ಹಕ್ಕು ಅಂತ ಊರೂರಲ್ಲಿ ಭಾಷಣ ಮಾಡಿದೋನು ನೀನು" ಅಂತ ಬೇಜಾರಿನಲ್ಲೇ ಕೇಳಿದರು. ಅದಕ್ಕೇ ಇದನ್ನ ಬರೀತಿದೀನಿ. ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಬಾಡು ಬಿಟ್ಟಿಲ್ಲ. ನನಗೆ ಫ್ಯಾಟಿ ಲಿವರ್ ಆಗಿದೆ. ಏಳು ತಿಂಗಳಿಂದ ಊಟ ಬದಲಾಯಿಸಿದೀನಿ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಗೊತ್ತಾಗಿದ್ದು ಹೀಗೆ. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ, ಮಧ್ಯಾಹ್ನ ಆದ್ರೆ ವಿಪರೀತ ಸುಸ್ತು. ಗ್ಯಾಸ್ಟ್ರಿಕ್ ಅಂದ್ಕೊಂಡು ಒಂದು ವರ್ಷ ಮಾತ್ರೆ ನುಂಗಿದ್ದೆ. ಕೊನೆಗೆ ಜನವರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ. ಹೊಟ್ಟೆ ಮೇಲೆ ಜೆಲ್ ಹಚ್ಚಿ ಒತ್ತುತ್ತಾ ಆ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ಡ್ರಿಂಕ್ಸು?"

ಕುಡೀತೀರಾ ಅಂತ ಅಲ್ಲ. ಎಷ್ಟು ವರ್ಷದಿಂದ ಅಂತ.

"ನಾನು ಕುಡಿಯಲ್ಲ ಸರ್" ಅಂದೆ. "ಎಲ್ಲಾರೂ ಹಂಗೇ ಹೇಳೋದು" ಅಂದು, ಪಕ್ಕದಲ್ಲಿ ಬರ್ಕೊಳ್ತಿದ್ದ ಹುಡುಗಿಗೆ "ಗ್ರೇಡ್ 2 ಫ್ಯಾಟಿ ಲಿವರ್" ಅಂದ್ರು. ಅವರ ಮುಂದೆ ನನ್ನ ಫೈಲಿತ್ತು, ಫೈಲಿನ ಮೇಲೆ ನನ್ನ ಹೆಸರು, ನನ್ನ ಊರು. ಅವರಿಗೆ ಏನು ಕಾಣ್ತೋ ನಾನು ಆಣೆ ಮಾಡಿ ಹೇಳಲಾರೆ. ನನಗೆ ಕೇಳಿಸಿದ್ದು ಮಾತ್ರ ಅದೇ.

ನಮ್ಮಪ್ಪ ಸತ್ತಿದ್ದು 1997ರಲ್ಲಿ. ಕಣ್ಣು ಅರಿಶಿನದಂಗೆ ಹಳದಿ, ಹೊಟ್ಟೆ ಬಸುರಿ ಹೆಂಗಸಿನ ಥರ, ಕೈಕಾಲು ಕಡ್ಡಿ. ಸಾರಾಯಿ ಪ್ಯಾಕೆಟ್ಟಿನ ಕಾಲ ಅದು. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧ ಮಾಡೋ ಹೊತ್ತಿಗೆ ಅಪ್ಪ ಮಣ್ಣು ಸೇರಿ ಹತ್ತು ವರ್ಷ ಆಗಿತ್ತು. ಆಗ ನನಗೆ ಹದಿನೇಳು. ಗುಂಡಿ ಮುಚ್ಚಿ ಬಂದ ರಾತ್ರಿ, ಈ ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟಲ್ಲ ಅಂತ ಅವ್ವನಿಗೆ ಹೇಳಿದ್ದೆ. ಮುಟ್ಟಿಲ್ಲ. ನಮ್ಮ ಕೇರಿಯಲ್ಲಿ "ಲಿವರ್ ಹೋಗಿತ್ತಂತೆ" ಅಂದ್ರೆ ಒಂದೇ ಅರ್ಥ. ಆ ರಿಪೋರ್ಟನ್ನ ಅವ್ವನ ಮುಂದೆ ಹೆಂಗೆ ಇಡ್ಲಿ? ಹನ್ನೊಂದು ದಿನ ಬೈಕಿನ ಸೀಟಿನ ಕೆಳಗೆ ಇಟ್ಕೊಂಡು ಓಡಾಡಿದೆ.

ಇನ್ನೊಂದು ಕಾರಣಾನೂ ಇತ್ತು. ಹೇಳೋಕೆ ಕಷ್ಟ, ಆದ್ರೂ ಹೇಳ್ತೀನಿ. ಅವಳ ಮಗಳನ್ನ ಕೇಳಿಯೇ ಬರೀತಿದೀನಿ.

ನಮ್ಮ ಜೊತೆ ಒಬ್ಬ ಅಕ್ಕ ಇದ್ದಳು. ಪೌರಕಾರ್ಮಿಕಳು. ಬೆಳಗಿನ ಜಾವ ನಾಲ್ಕಕ್ಕೆ ಪೊರಕೆ ಹಿಡಿದ್ರೆ ಹತ್ತರ ತನಕ ಬೀದಿ ಗುಡಿಸಿ, ಆಮೇಲೆ ನಮ್ಮ ಧರಣಿ, ಅರ್ಜಿ, ಮೆರವಣಿಗೆ. ಗುತ್ತಿಗೆ ಪದ್ಧತಿ ವಿರುದ್ಧ ವಾರಗಟ್ಟಲೆ ಕೂತಾಗ ಮುಂದಿನ ಸಾಲಿನಲ್ಲಿ ಅವಳೇ. ಸಕ್ಕರೆ ಕಾಯಿಲೆ ಹತ್ತಾರು ವರ್ಷದಿಂದ ಇತ್ತು. ಧರಣಿಯಲ್ಲಿ ಅವಳ ಊಟ ಅಂದ್ರೆ ಟೀ, ಬನ್ನು, ಸಿಹಿ ಬಿಸ್ಕೆಟ್ಟು. ತಂದು ಕೊಡ್ತಿದ್ದೋರು ನಾವೇ. 2019ರಲ್ಲಿ ಹೊಟ್ಟೆಯಲ್ಲಿ ನೀರು ತುಂಬ್ಕೊಂಡು, ರಕ್ತ ವಾಂತಿ ಮಾಡಿ ಹೋದಳು. ಸಿರೋಸಿಸ್ ಅಂದ್ರು. ಮಣ್ಣಿಗೆ ಹೋದ ದಿನ ಗಂಡಸರು ಗುಂಪು ನಿಂತು ಗುಸುಗುಸು ಅಂತಿದ್ರು, "ಒಳಗೊಳಗೇ ತಗೊಳ್ತಿದ್ಲಂತೆ." ನಾನು ಅಲ್ಲೇ ಇದ್ದೆ. ಇಲ್ಲ ಅಂತ ಹೇಳಲಿಲ್ಲ. ಹೇಳಲಿಲ್ಲ ಅಷ್ಟೇ ಅಲ್ಲ, ನಾನೂ ನಂಬಿದ್ದೆ. ಇಪ್ಪತ್ತು ವರ್ಷ ಜೊತೇಲಿ ಅನ್ನ ತಿಂದೋಳ ಬಾಯಿಂದ ಒಂದು ದಿನ ವಾಸನೆ ಬಂದಿರಲಿಲ್ಲ. ಆದ್ರೂ ನಂಬಿದ್ದೆ. ಸ್ಕ್ಯಾನಿಂಗ್ ಟೇಬಲ್ ಮೇಲೆ ಆ ಡಾಕ್ಟ್ರು ನನ್ನನ್ನ ನೋಡಿದ ಕಣ್ಣಲ್ಲೇ ನಾನು ಅಕ್ಕನನ್ನ ನೋಡಿದ್ದೆ.

ಈಗ ಊಟದ ವಿಷಯಕ್ಕೆ ಬರ್ತೀನಿ.

ಆ ಆಸ್ಪತ್ರೆಯವರೇ ಒಂದು ಡಯಟ್ ಶೀಟು ಕೊಟ್ಟರು. ಪ್ರಿಂಟ್ ಹಾಕಿಸಿದ ಹಾಳೆ. ಮೇಲೆ ದಪ್ಪ ಅಕ್ಷರದಲ್ಲಿ "ಸಂಪೂರ್ಣ ತ್ಯಜಿಸಬೇಕಾದವು: ಮದ್ಯಪಾನ, ಧೂಮಪಾನ, ಮಾಂಸಾಹಾರ". ಒಂದೇ ಸಾಲು. ಅದರ ಕೆಳಗೆ "ಸಾತ್ವಿಕ ಆಹಾರ ಸೇವಿಸಿ". ಬೆಳಿಗ್ಗೆ ಓಟ್ಸು, ಹತ್ತು ಗಂಟೆಗೆ ತಾಜಾ ಹಣ್ಣಿನ ಜ್ಯೂಸು, ಮಧ್ಯಾಹ್ನ ಬ್ರೊಕೋಲಿ, ರಾತ್ರಿ ಪನೀರು, ಅಡುಗೆಗೆ ಆಲಿವ್ ಎಣ್ಣೆ. ಆ ಸಾಲು ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ಆಮೇಲೆ ಹೊಳೀತು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಹೊರಡಿಸಿದ ಸೂಚನೆಯಲ್ಲೂ ಇದೇ ಮೂರನ್ನ ಒಟ್ಟಿಗೆ ಕಟ್ಟಿ ನಿಷೇಧ ಅಂದಿದ್ರಲ್ಲ, ಅದೇ. ಹೆಂಡ, ಹೊಗೆಸೊಪ್ಪು, ಬಾಡು. ಬಾಡೂಟ ಬೇಕು ಅಂತ ಅಲ್ಲಿ ಗಂಟಲು ಹರ್ಕೊಂಡೋರಲ್ಲಿ ನಾನೂ ಒಬ್ಬ. ತಿಂಗಳು ಕಳೆದಿಲ್ಲ, ಆ ಸಾಲು ಔಷಧಿ ಚೀಟಿಯಾಗಿ ನನ್ನ ಕೈಗೇ ಬಂದಿತ್ತು.

ಸಿಟ್ಟು ಬಂತು. ಹಾಳೆ ಮಡಚಿ ಜೇಬಿಗಿಟ್ಟು, ಎದುರುಗಡೆ ಹೋಟೆಲಿಗೆ ಹೋಗಿ ಒಂದು ಫುಲ್ ಬಿರಿಯಾನಿ, ಒಂದು ಪ್ಲೇಟು ಕಬಾಬು, ಒಂದು ಕೋಲಾ. ಅದನ್ನ ಹೋರಾಟ ಅಂದ್ಕೊಂಡೇ ತಿಂದೆ. ನಗಬೇಡಿ, ನಿಮ್ಮಲ್ಲೂ ತುಂಬಾ ಜನ ಹಂಗೇ ತಿಂತೀರಿ.

ಹನ್ನೆರಡನೇ ದಿನ ಒಬ್ಬ ತಮ್ಮನಿಗೆ ಫೋನ್ ಮಾಡಿದೆ. ನಮ್ಮ ಹಾಸ್ಟೆಲಿನ ಹುಡುಗ, ನನಗಿಂತ ಆರು ವರ್ಷ ಚಿಕ್ಕೋನು, ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟ್ರು. ಶೀಟಿನ ಬಗ್ಗೆ ಒಂದು ಭಾಷಣ ಬಿಗಿದೆ. ಪೂರ್ತಿ ಕೇಳಿಸ್ಕೊಂಡ. ಆಮೇಲೆ, "ಅಣ್ಣ, ಆ ಶೀಟು ಹರಿದು ಹಾಕು. ಒಂದು ವಾರ ನೀನು ಬಾಯಿಗೆ ಹಾಕ್ಕೊಂಡಿದ್ದೆಲ್ಲ ಬರಿ. ಸುಳ್ಳು ಬರೀಬೇಡ" ಅಂದ.

ಬರೆದೆ. ಒಂದು ದಿನಕ್ಕೆ ಒಂಬತ್ತು ಹತ್ತು ಟೀ. ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅಂದ್ರೆ ಟೀ ಒಂದರಲ್ಲೇ 80ರಿಂದ 100 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಹನ್ನೊಂದಕ್ಕೆ ಮತ್ತೆ ಅನ್ನ. ಮಧ್ಯೆ ಮಧ್ಯೆ ಬೋಂಡಾ, ಖಾರ ಬನ್ನು, ಬಿಸ್ಕೆಟ್ಟು. ಬಾಡು? ಏಳು ದಿನದಲ್ಲಿ ಎರಡೇ ಸಲ. ಅದರಲ್ಲಿ ಒಂದು, ಎಣ್ಣೆಯಲ್ಲಿ ಕರಿದ ಬ್ರಾಯ್ಲರ್ ಕಬಾಬು.

ಯಾವುದನ್ನ ಆರೋಪಿ ಅಂತ ಶೀಟಿನಲ್ಲಿ ಬರೆದಿದ್ರೋ ಅದು ಸ್ಥಳದಲ್ಲೇ ಇರಲಿಲ್ಲ!

ಆ ತಮ್ಮ ಬಿಡಿಸಿ ಹೇಳಿದ್ದನ್ನ ನನಗೆ ತಿಳಿದ ಹಾಗೆ ಹೇಳ್ತೀನಿ. ಬೇಕಾದ್ದಕ್ಕಿಂತ ಹೆಚ್ಚಾದ ಸಕ್ಕರೆ, ಅನ್ನ, ಮೈದಾನ ಲಿವರ್ ತಾನೇ ಕೊಬ್ಬಾಗಿ ಮಾರ್ಪಡಿಸುತ್ತೆ. ಹೊಟ್ಟೆ ಸುತ್ತ ಇರೋ ಬೊಜ್ಜೂ ರಕ್ತದಲ್ಲಿ ಹರಿದು ಅಲ್ಲಿಗೇ ಬರುತ್ತೆ. ಲಿವರಿನಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಜಾಸ್ತಿ ಕೊಬ್ಬು ಸೇರಿದ್ರೆ ಅದು ಫ್ಯಾಟಿ ಲಿವರ್. ಕೆಲವರಲ್ಲಿ ಅಷ್ಟಕ್ಕೇ ನಿಲ್ಲುತ್ತೆ. ಕೆಲವರಲ್ಲಿ ಊತ ಬಂದು, ಗಾಯದ ಕಲೆ ಥರ ಗಟ್ಟಿಯಾಗ್ತಾ ಹೋಗಿ, ಸಿರೋಸಿಸ್ ತನಕ ಮುಟ್ಟುತ್ತೆ. ಸಕ್ಕರೆ ಕಾಯಿಲೆ ಇದ್ದೋರಿಗೆ ಆ ಅಪಾಯ ಹೆಚ್ಚು. ಒಂದು ಹನಿ ಹೆಂಡ ಮುಟ್ಟದೇನೂ ಅಲ್ಲಿಗೆ ಹೋಗಿ ಸೇರಬಹುದು.

"ಒಂದು ಹನಿ ಮುಟ್ಟದೇನೂ?" ಅಂತ ಎರಡು ಸಲ ಕೇಳಿದೆ. ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈ ಕಾಯಿಲೆಗೆ ಮೊದಲು ಇದ್ದ ಹೆಸರೇ ನಾನ್ ಆಲ್ಕೋಹಾಲಿಕ್ ಫ್ಯಾಟಿ ಲಿವರ್. ಕುಡಿಯದೋರ ಕಾಯಿಲೆಯ ಹೆಸರಲ್ಲೂ ಕುಡಿತ. 2023ರಲ್ಲಿ ಬೇರೆ ಬೇರೆ ದೇಶಗಳ ಲಿವರ್ ತಜ್ಞರ ಸಂಘಗಳು ಸೇರಿ ಹೆಸರು ಬದಲಾಯಿಸಿದವು. ಹಳೇ ಹೆಸರಿನಲ್ಲಿ ಕಳಂಕ ಇದೆ ಅನ್ನೋದೂ ಒಂದು ಕಾರಣ. ಹೊಸ ಹೆಸರು ನಾಲಿಗೆ ಹೊರಳದಷ್ಟು ಉದ್ದ ಇದೆ, ಬಿಡಿ.

ಬರೀತಾ ಬರೀತಾ ಇನ್ನೊಂದು ಯೋಚನೆ ಬಂತು. "ನಾನು ಕುಡುಕ ಅಲ್ಲ, ಕುಡುಕ ಅಲ್ಲ" ಅಂತ ಇಷ್ಟು ಕೂಗ್ತಿದೀನಲ್ಲ, ಹಂಗಾದ್ರೆ ಕುಡಿದು ಸತ್ತ ನಮ್ಮಪ್ಪ ಹಂಗೇ ಸಾಯಬೇಕಿತ್ತಾ? ಕೇರಿ ಬಾಯಲ್ಲೇ ಸಾರಾಯಿ ಅಂಗಡಿ ಇಟ್ಟು, ಕೂಲಿ ದುಡ್ಡು ಮನೆ ಮುಟ್ಟೋ ಮುಂಚೆ ಕಿತ್ಕೊಂಡೋನ ಲಿವರು ಚೆನ್ನಾಗಿತ್ತು. ಅಪ್ಪನೂ ರೋಗಿಯೇ. ಈ ಮಾತು ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ನನ್ನ ತೂಕ 78 ಕೆಜಿ ಇತ್ತು, ಸೊಂಟ 101 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದ್ರೆ ಎಚ್ಚರ ಅಂತಾರೆ. ಎಸ್‌ಜಿಪಿಟಿ 84. ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಭಾಗ ನಿಧಾನಕ್ಕೆ ಇಳಿಸಿದ್ರೆ ಕೊಬ್ಬೂ ಊತವೂ ಕಡಿಮೆ ಆಗುತ್ತೆ, ಅದೇ ಮೊದಲ ಮದ್ದು ಅಂದ ಆ ತಮ್ಮ. ಮೊದಲು ಬಿಡಬೇಕಾಗಿದ್ದು ಟೀ ಸಕ್ಕರೆ.

ಇದು ಎಷ್ಟು ಕಷ್ಟ ಅಂತ ನಮ್ಮಂಥೋರಿಗೆ ಮಾತ್ರ ಗೊತ್ತಾಗೋದು. ಎರಡು ಲೋಟದ ಪದ್ಧತಿ ವಿರುದ್ಧ ಹೋಟೆಲು ಹೋಟೆಲಿಗೆ ನುಗ್ಗಿ ಟೀ ಕುಡಿದೋರು ನಾವು. ಟೀ ನಮಗೆ ಬರೀ ಟೀ ಅಲ್ಲ. ಕೇರಿಗೆ ಹೋದಾಗ ಯಾರ ಮನೇಲಾದ್ರೂ ಟೀ ಬೇಡ ಅಂದು ನೋಡಿ. "ಯಾಕಣ್ಣ, ನಮ್ಮನೇಲಿ ಕುಡಿಯಲ್ವಾ?" ಅಂತಾರೆ. ಆ ಮಾತು ಎದೆಗೆ ಚುಚ್ಚುತ್ತೆ. ಫೆಬ್ರವರಿಯಲ್ಲಿ ಒಂದು ದೌರ್ಜನ್ಯ ಪ್ರಕರಣಕ್ಕೆ ಅಂತ ಒಂದೂರಿಗೆ ಹೋಗಿದ್ದೆ. ಮಗನಿಗೆ ಹೊಡೆತ ಬಿದ್ದ ಮನೆ. ಆ ಅಜ್ಜಿ ಪಕ್ಕದ ಮನೆಯಿಂದ ಸಕ್ಕರೆ ಇಸ್ಕೊಂಡು ಬಂದು, ಮೂರು ಚಮಚ ಹಾಕಿ ಟೀ ಮಾಡಿದ್ಲು. "ಸಕ್ಕರೆ ಬೇಡವಾಗಿತ್ತು ಅಜ್ಜಿ" ಅಂದೆ. ಮುಖ ಇಷ್ಟೇ ಇಷ್ಟಾಯ್ತು. ಲೋಟ ಪೂರ್ತಿ ಕುಡಿದೆ. ಡಾಕ್ಟ್ರು ತಮ್ಮನಿಗೆ ಹೇಳಿಲ್ಲ, ಈಗ ಓದ್ಕೊಳ್ಳಲಿ.

ಆಮೇಲೆ ಒಂದು ದಾರಿ ಕಂಡ್ಕೊಂಡೆ. ಹೊಸಿಲು ದಾಟ್ತಿದ್ದ ಹಾಗೇ ನಾನೇ ಕೇಳ್ತೀನಿ, "ಅವ್ವ, ಒಂದು ಲೋಟ ಕರಿ ಕಾಫಿ ಕೊಡು, ಸಕ್ಕರೆ ಹಾಕ್ಬೇಡ, ಡಾಕ್ಟ್ರು ಹೇಳವ್ರೆ." ಕೇಳಿ ಪಡ್ಕೊಂಡ್ರೆ ಅದು ನಿರಾಕರಣೆ ಆಗಲ್ಲ. ಸಕ್ಕರೆ ಇಲ್ಲದ ಕಾಫಿ ಲಿವರಿಗೆ ಒಳ್ಳೇದು ಅಂತಾನೂ ಅಧ್ಯಯನಗಳಿವೆಯಂತೆ.

ಎರಡನೇದು ಅನ್ನ. ನಾವು ಚಿಕ್ಕೋರಿದ್ದಾಗ ಅನ್ನ ಅಂದ್ರೆ ಹಬ್ಬ. ಯುಗಾದಿಗೆ, ಮಾರಮ್ಮನ ಜಾತ್ರೆಗೆ, ಇಲ್ಲಾಂದ್ರೆ ಜ್ವರ ಬಂದಾಗ. ಗೌಡರ ಮನೆ ಮಕ್ಕಳು ದಿನಾ ಅನ್ನ ತಿಂತಾರೆ ಅನ್ನೋದೇ ನಮಗೆ ಹೊಟ್ಟೆಕಿಚ್ಚು. 2013ರಲ್ಲಿ ಅನ್ನಭಾಗ್ಯ ಬಂದಾಗ ಅವ್ವ ಅಕ್ಕಿ ಚೀಲದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದು ಇನ್ನೂ ನೆನಪಿದೆ. ಹಾಗಾಗಿ ಅನ್ನಭಾಗ್ಯದಿಂದ ಜನ ಸೋಮಾರಿಗಳಾದ್ರು ಅಂತ ಬೈಯೋರ ಜೊತೆ ನಾನಿಲ್ಲ, ಈ ಪೋಸ್ಟನ್ನ ಅವರು ಎತ್ಕೊಂಡು ಹೋಗೋದೂ ಬೇಡ. ಹಸಿವು ಕಳೆದದ್ದು ದೊಡ್ಡದು. ನಾನು ಹೇಳೋದು ನನ್ನ ತಟ್ಟೆಯ ಮಾತು. ತಟ್ಟೆ ತುಂಬಾ ಬಿಳಿ ಅನ್ನ, ಮಧ್ಯೆ ಒಂದು ಗುಂಡಿ, ಗುಂಡಿಯಲ್ಲಿ ನೀರು ಸಾರು. ಕಾಳಿಲ್ಲ, ಸೊಪ್ಪಿಲ್ಲ. ಈಗ ಅನ್ನ ಮಧ್ಯಾಹ್ನ ಒಂದು ಹೊತ್ತು, ಒಂದು ಸಣ್ಣ ಬಟ್ಟಲು.

ಹಂಗಂತ "ನಮ್ಮ ಹಿರೀಕರ ಊಟವೇ ಅಮೃತ" ಅಂತ ಹಾಡೋಕೂ ನಾನು ತಯಾರಿಲ್ಲ. ಮುದ್ದೆ ಅಂದ್ರೆ ಎಷ್ಟಾದ್ರೂ ತಿನ್ನಬಹುದು ಅಂದ್ಕೊಂಡು ಮೊದಲ ತಿಂಗಳು ಎರಡೆರಡು ಇಳಿಸಿದೆ. ತೂಕ ಒಂದು ಗ್ರಾಮೂ ಇಳಿಯಲಿಲ್ಲ. "ಅಣ್ಣ, ನಿಮ್ಮಜ್ಜಿ ಎರಡು ಮುದ್ದೆ ತಿಂದು ಸಂಜೆ ತನಕ ನಾಟಿ ಹಾಕೋರು. ನೀನು ತಿಂದು ಕಾರಲ್ಲಿ ಕೂತು ಭಾಷಣಕ್ಕೆ ಹೋಗ್ತೀಯ. ರಾಗೀನೂ ಪಿಷ್ಟವೇ" ಅಂದ ತಮ್ಮ. ಸರಿ ಅನ್ನಿಸ್ತು. ಅಜ್ಜಿಗೆ ಫ್ಯಾಟಿ ಲಿವರ್ ಇರಲಿಲ್ಲ ಅಂದ್ರೆ ಅದು ಊಟದ ಮಹಿಮೆ ಅಷ್ಟೇ ಅಲ್ಲ, ಅರ್ಧ ದಿನ ಊಟವೇ ಇರಲಿಲ್ಲ. ಈಗ ಮುಷ್ಟಿಗಾತ್ರದ್ದು ಒಂದೇ ಮುದ್ದೆ, ಅದಕ್ಕಿಂತ ದುಪ್ಪಟ್ಟು ಹುರುಳಿಕಾಳೋ ಅವರೆಕಾಳೋ ಬಸ್ಸಾರೋ. ಹೊಲದ ಬದುವಿನಲ್ಲಿ ಸಿಗೋ ಅಣ್ಣೆ, ಗೋಣಿ, ಕಿರೆ, ಹೊನಗೊನೆ ಎಲ್ಲಾ ಸೇರಿಸಿ ಬೆರಕೆ ಸೊಪ್ಪು. ರಾಗಿ ಹಿಟ್ಟು ಜರಡಿ ಹಿಡಿಯಲ್ಲ, ಬೂಸಾ ಸಮೇತ. ಬಸವಲಿಂಗಪ್ಪನವರ ಒಂದು ಬೂಸಾ ಮಾತಿಗೆ 1973ರಲ್ಲಿ ನಮ್ಮ ಹಿರಿಯರು ಬೀದಿ ಬೀದಿಯಲ್ಲಿ ಒದೆ ತಿಂದ್ರು. ಈಗ ಬೂಸಾನೇ ಆರೋಗ್ಯ ಅಂತಿದಾರೆ.

ಈ ಸೊಪ್ಪು ಸೋಸೋರು ಯಾರು ಅನ್ನೋ ಪ್ರಶ್ನೆಯೂ ಬಂತು. ಒಂದು ವಾರ ನೋಡಿ ಸಂಗಾತಿ ಮೊರ ತಂದು ನನ್ನ ಮುಂದಿಟ್ಟಳು. "ಕಾಯಿಲೆ ನಿಮ್ಮದು, ದುಪ್ಪಟ್ಟು ಕೆಲಸ ನಂದಾ?" ಅಂದಳು. ಅವಳೂ ಬೆಳಿಗ್ಗೆ ಕೆಲಸಕ್ಕೆ ಹೋಗೋಳು. ಈಗ ಸೊಪ್ಪು ಸೋಸೋದು, ಕಾಳು ನೆನೆ ಹಾಕೋದು, ನನ್ನ ಡಬ್ಬಿ ತುಂಬೋದು ನಾನೇ. ಸಾರು ಇನ್ನೂ ಅವಳ ಕೈಯಷ್ಟು ಬರಲ್ಲ.

ಈಗ ಬಾಡು. ಶೀಟಿನ ಮೇಲಿನ ಸಿಟ್ಟಿಗೆ, ಡಾಕ್ಟ್ರು ತಮ್ಮ ಬಾಡಿಗೆ ಪೂರ್ತಿ ಕ್ಲೀನ್ ಚಿಟ್ ಕೊಡ್ತಾನೆ ಅಂತ ಕಾಯ್ತಿದ್ದೆ. ಕೊಡಲಿಲ್ಲ. ವಾರಕ್ಕೆ ಒಂದು, ಹೆಚ್ಚಂದ್ರೆ ಎರಡು ಸಲ, ಕೊಬ್ಬು ತೆಗೆದ ಪೀಸು, ಸಾರು ಮಾಡಿ ತಿನ್ನು. ಕರಿದದ್ದು ಬೇಡ, ಕೊಬ್ಬಿನ ಬೋಟಿ ಬೇಡ, ದಿನಾ ಬೇಡ. ಮೊಟ್ಟೆ, ಮೀನು ಧಾರಾಳವಾಗಿ ತಿನ್ನು ಅಂದ. "ಇದು ರಾಜಕೀಯವಾಗಿ ಸರಿ ಇಲ್ಲವಲ್ಲೋ" ಅಂದೆ. "ಅಣ್ಣ, ನಿನ್ನ ರಾಜಕೀಯ ನಿನ್ನ ಲಿವರಿಗೆ ಗೊತ್ತಿಲ್ಲ" ಅಂದ. ಇಬ್ಬರೂ ನಕ್ಕೆವು.

ಆದ್ರೆ ರಾಜಕೀಯ ಇಲ್ಲ ಅಂತಾನೂ ಅಲ್ಲ. 2021ರಲ್ಲಿ ಹೊಸ ಗೋಹತ್ಯೆ ಕಾನೂನು ಜಾರಿಗೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಬೇರೆ ಕಡಿಯೋ ಹಾಗಿಲ್ಲ. ನಮ್ಮ ಕಡೆ ಭಾನುವಾರದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಮನೇಲಿ ಬೇಯಿಸಿದ, ಎಣ್ಣೆ ಕಮ್ಮಿ ಇರೋ ಬಾಡಿನ ಸಾರಿನ ಜಾಗಕ್ಕೆ ರೋಡ್ ಸೈಡಿನ ಕಬಾಬು ಬಂತು. ನನ್ನ ಏಳು ದಿನದ ಪಟ್ಟಿಯಲ್ಲಿ ಅದೇ ಇದ್ದದ್ದು.

ಫೋನ್ ಮಾಡಿದ ಹಿರಿಯರಿಗೆ ಇಷ್ಟು ಹೇಳ್ತೀನಿ. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಸತ್ತ ದನದ ಮಾಂಸ ಬಿಡಿ ಅಂದಾಗ, ಯಾರಿಗೋ ವಾಸನೆ ಬರುತ್ತೆ ಅಂತ ಹೇಳಲಿಲ್ಲ. ನಮ್ಮ ಘನತೆಗೆ ಹೇಳಿದ್ರು. ಆ ಮಾಂಸ ತಿಂದೋರನ್ನ ಅಸ್ಪೃಶ್ಯರು ಮಾಡಿದ್ದು ಹೆಂಗೆ ಅಂತ 1948ರಲ್ಲಿ ಪುಸ್ತಕವನ್ನೇ ಬರೆದೋರೂ ಅವರೇ. ಅವರೂ ಸಕ್ಕರೆ ಕಾಯಿಲೆಯಲ್ಲಿ ನರಳಿ 65ಕ್ಕೆ ಹೋದ್ರು. ಏನು ತಿನ್ನಬೇಕು, ಏನು ಬಿಡಬೇಕು, ಎರಡನ್ನೂ ನಾನು ತೀರ್ಮಾನ ಮಾಡ್ತೀನಿ ಸಾರ್. ಆ ಹಾಳೆ ಅಲ್ಲ, ಗ್ರೂಪೂ ಅಲ್ಲ.

ಜುಲೈನಲ್ಲಿ ಮತ್ತೆ ಪರೀಕ್ಷೆ ಆಯ್ತು. ತೂಕ 71.5, ಎಸ್‌ಜಿಪಿಟಿ 41, ಗ್ರೇಡ್ 1ಕ್ಕೆ ಇಳಿದಿದೆ. ಹೋಗಿಲ್ಲ, ಇಳಿದಿದೆ. ಬೆಳಿಗ್ಗೆ ಮುಕ್ಕಾಲು ಗಂಟೆ ಕೆರೆ ಏರಿ ಮೇಲೆ ಬೀಸಾಗಿ ನಡೀತೀನಿ. ಎರಡು ಸಲ ಪೂರ್ತಿ ಹಳಿ ತಪ್ಪಿದೆ, ಒಂದು ಏಪ್ರಿಲ್ ತಿಂಗಳಲ್ಲಿ. ಜಯಂತಿ ತಿಂಗಳು ಗೊತ್ತಲ್ಲ, ದಿನಕ್ಕೆ ಮೂರು ಕಾರ್ಯಕ್ರಮ, ಮೂರು ಕಡೆ ಕೇಸರಿಬಾತು. ಇನ್ನೊಂದು ಅತ್ತಿಗೆ ಮನೆ ಮದುವೆ.

ಇನ್ನು ಇದನ್ನ ಓದಿ ಇನ್‌ಬಾಕ್ಸಿಗೆ ಕಷಾಯದ ವಿಡಿಯೋ ಕಳಿಸೋರು ದಯವಿಟ್ಟು ಕಳಿಸಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೆ ಪೆಟ್ಟು ಮಾಡ್ಕೊಂಡವರ ಬಗ್ಗೆ ಮುಂಬೈನ ವೈದ್ಯರು ವರದಿ ಮಾಡಿದ್ರು. ಕುಡಿಯೋ ತಮ್ಮಂದಿರೇ, ಈ ಬರಹ ನಿಮಗೆ ಲೈಸೆನ್ಸ್ ಅಲ್ಲ. ಫ್ಯಾಟಿ ಲಿವರ್ ಮೇಲೆ ಹೆಂಡ ಬಿದ್ರೆ ಉರಿಯೋ ಮನೆಗೆ ಸೀಮೆಎಣ್ಣೆ. ಸಕ್ಕರೆ ಕಾಯಿಲೆ ಇರೋರು, ಹೊಟ್ಟೆ ಬಂದಿರೋರು, ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಲಿವರ್ ಬಗ್ಗೆ ಕೇಳಿ. 2021ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ತಡೆಯೋ ಕಾರ್ಯಕ್ರಮಕ್ಕೆ ಇದನ್ನೂ ಸೇರಿಸಿದೆ. ಕೇಳೋದು ನಮ್ಮ ಹಕ್ಕು.

ನಮ್ಮ ತಾಲ್ಲೂಕು ಸಮಿತಿಯಲ್ಲಿ ಬಿಸ್ಕೆಟ್ ಪ್ಯಾಕೆಟ್ಟು ನಿಲ್ಲಿಸಿ ಬೇಯಿಸಿದ ಕಡ್ಲೆಕಾಯಿ, ಮೊಟ್ಟೆ ಇಡೋಣ ಅಂತ ಹೇಳಿದೀನಿ. ಧರಣಿ ಟೆಂಟಿಗೂ ಅದೇ. ಖಜಾಂಚಿ ಇನ್ನೂ ಒಪ್ಪಿಲ್ಲ, ಮೊಟ್ಟೆ ರೇಟು ಹೇಳ್ತಿದಾನೆ.

ಹೋದ ತಿಂಗಳು ಅಕ್ಕನ ಮಗಳ ಮನೆಗೆ ಹೋಗಿದ್ದೆ. ಅವಳೂ ಈಗ ಅವ್ವನ ಕೆಲಸವೇ ಮಾಡ್ತಿದಾಳೆ, ಅದೇ ರೋಡು. ಮಣ್ಣಿನ ದಿನ ಏನು ಮಾತು ಆಡ್ಕೊಂಡ್ರು, ನಾನು ಹೆಂಗೆ ಬಾಯಿ ಮುಚ್ಕೊಂಡಿದ್ದೆ, ಎಲ್ಲಾ ಹೇಳಿದೆ. ಅವಳು ಒಲೆ ಕಡೆ ತಿರುಗಿ ತುಂಬಾ ಹೊತ್ತು ಮಾತಾಡಲಿಲ್ಲ. "ನಂಗೆ ಅವತ್ತೇ ಕೇಳಿಸಿತ್ತು ಮಾವ" ಅಂದಳು. "ನೀವೊಬ್ರಾದ್ರೂ ಏನಾದ್ರೂ ಅಂತೀರಾ ಅಂತ ನೋಡ್ತಿದ್ದೆ."

ಆಮೇಲೆ ಕಾಫಿ ಕೊಟ್ಟಳು. ಅವಳಿಗೂ ಮೂರು ವರ್ಷದಿಂದ ಸಕ್ಕರೆ ಕಾಯಿಲೆ ಇದೆಯಂತೆ, ಬಲಗಡೆ ಭಾರ ಅಂತಾಳೆ. ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ತಿದಾಳೆ.

ನಾಳೆ ಬೆಳಿಗ್ಗೆ ಅವಳ ಕೆಲಸ ಮುಗಿದ ಮೇಲೆ, ಹತ್ತೂವರೆಗೆ, ಸ್ಕ್ಯಾನಿಂಗ್ ಇದೆ. ಜೊತೆಗೆ ಹೋಗ್ತಿದೀನಿ. ನಾಳೆ ಮಧ್ಯಾಹ್ನದ ತನಕ ನನ್ನ ಫೋನ್ ಸಿಗಲ್ಲ.

ಜೈ ಭೀಮ್.